ರಾಂಪತ್ರೆ ಜಡ್ಡಿಯ ಅಳಿವು ಮತ್ತು ಉಳಿವು

ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡುಗಳ ತಗ್ಗಿನಲ್ಲಿ, ಬೇಸಿಗೆಯಲ್ಲೂ ಬತ್ತದ ತೊರೆಗಳ ಇಕ್ಕೆಲಗಳಲ್ಲಿ, ಜಾಯಿಕಾಯಿ ಕುಟುಂಬದ ಮರಗಳೇ ಪ್ರಧಾನವಾಗಿ ಬೆಳೆದಿರುವ ಸಿಹಿನೀರಿನ ಜೌಗು ಕಾಡುಗಳಿವೆ. ಉತ್ತರ ಕನ್ನಡದಲ್ಲಿ ಇವಕ್ಕೆ ರಾಂಪತ್ರೆ ಜಡ್ಡಿ ಎಂಬ ಹೆಸರಿದೆ. 1960ರಲ್ಲಿ ತಿರುವಾಂಕೂರು ಭಾಗದ ಇಂಥ ಜೌಗುಗಳನ್ನು ಕೃಷ್ಣಮೂರ್ತಿಯವರು ವರ್ಣಿಸಿದ ಮೇಲೆ ವಿಜ್ಞಾನದ ಗಮನ ಇವುಗಳತ್ತ ಹರಿಯಿತು. ಇಂದು ಕೇರಳ, ಕರ್ನಾಟಕ, ಗೋವಾಗಳಲ್ಲಿ ಚದುರಿ ಉಳಿದಿರುವ ಈ ಜಡ್ಡಿಗಳಲ್ಲಿ ಅನೇಕವು ತೊರೆಯ ಗುಂಟ ಸಾಗುವ ಕಿರಿದಾದ ಪಟ್ಟಿಗಳು ಮಾತ್ರ. ಆದರೆ ಅಷ್ಟು ಕಿರಿದಾದ ನೆಲದಲ್ಲಿ ಬೇರೆಲ್ಲೂ ಬದುಕಲಾರದ ಜೀವಿಗಳು ಕಿಕ್ಕಿರಿದಿವೆ.

ನೀರು ನಿಂತ ಮಣ್ಣಿನಲ್ಲಿ ಆಮ್ಲಜನಕದ ಕೊರತೆಯಿರುವುದರಿಂದ ಸಾಮಾನ್ಯ ಮರಗಳ ಬೇರುಗಳು ಅಲ್ಲಿ ಉಸಿರುಗಟ್ಟಿ ಕೊಳೆಯುತ್ತವೆ. ಜಡ್ಡಿಯ ಮರಗಳು ಈ ತೊಡಕನ್ನು ಬೇರುಗಳ ರಚನೆಯಿಂದಲೇ ದಾಟಿವೆ. ಜಿಮ್ನಾಕ್ರಾಂತೆರಾ ಎಂಬ ಮರದ ಬೇರು ಕೆಸರಿನಿಂದ ಮೇಲೆದ್ದು, ಮಡಿಸಿದ ಮೊಣಕಾಲಿನ ಹಾಗೆ ಬಾಗಿ, ಮತ್ತೆ ಮಣ್ಣಿಗಿಳಿಯುತ್ತದೆ. ಹೀಗೆ ಹೊರಗೆ ಉಳಿದ ಭಾಗದ ಸೂಕ್ಷ್ಮ ರಂಧ್ರಗಳ ಮೂಲಕ ಗಾಳಿ ಒಳಗಿನ ಬೇರುಗಳನ್ನು ತಲುಪುತ್ತದೆ. ಮಿರಿಸ್ಟಿಕಾ ಮ್ಯಾಗ್ನಿಫಿಕಾ ಮರವಾದರೋ ಕಾಂಡದಿಂದಲೇ ಸುತ್ತಲೂ ಬೇರುಗಳನ್ನು ಇಳಿಬಿಟ್ಟು, ಅವುಗಳ ಆಸರೆಯಿಂದ ಸಡಿಲ ಕೆಸರಿನಲ್ಲಿ ನೆಟ್ಟಗೆ ನಿಲ್ಲುತ್ತದೆ. ಕೆಸರಿಗೆ ಇಷ್ಟೊಂದು ಒಗ್ಗಿಕೊಂಡಿರುವುದೇ ಇವುಗಳ ದೌರ್ಬಲ್ಯವೂ ಹೌದು: ತೊರೆಯನ್ನು ತಿರುಗಿಸಿ ನೆಲ ಒಣಗಿಸಿದರೆ, ಒಂದು ಮರವನ್ನೂ ಕಡಿಯದೆ ಜಡ್ಡಿಯನ್ನು ಇಲ್ಲವಾಗಿಸಬಹುದು.

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಇಂಥ ಜಡ್ಡಿಗಳಿರುವ ಪ್ರಮುಖ ತಾಣ. ಕಾನು ಎಂದರೆ ಮಲೆನಾಡಿನವರ ಮಾತಿನಲ್ಲಿ ದಟ್ಟವಾದ ನಿತ್ಯಹಸಿರು ಕಾಡು. ದಾಸಪ್ಪ ಮತ್ತು ಸ್ವಾಮಿನಾಥ್ ಅವರು 2000ರಲ್ಲಿ ಇಲ್ಲಿಂದಲೇ ಗೇರಿನ ಸಂಬಂಧಿಯಾದ ಹೊಸ ಮರವೊಂದನ್ನು ವಿಜ್ಞಾನಕ್ಕೆ ಪರಿಚಯಿಸಿ, ಊರಿನ ಹೆಸರನ್ನೇ ಸೇರಿಸಿ ಅದನ್ನು ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಕರೆದರು. ಅಷ್ಟು ಎತ್ತರಕ್ಕೆ ಬೆಳೆಯುವ ಮರವೊಂದು ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಹೆಸರಿಲ್ಲದೆ ಉಳಿದಿತ್ತೆಂಬುದು, ಸಮೀಕ್ಷೆ ನಡೆಯುವ ಮೊದಲೇ ತೋಟವಾದ ಕಣಿವೆಗಳಲ್ಲಿ ಏನೇನು ಅಳಿದಿರಬಹುದೆಂಬ ಕಳವಳವನ್ನು ಹುಟ್ಟಿಸುತ್ತದೆ. 2014ರಲ್ಲಿ ಕೆ. ವಿ. ಗುರುರಾಜ ಮತ್ತು ಸಂಗಡಿಗರು ವರ್ಣಿಸಿದ ಕುಂಬಾರ ಕಪ್ಪೆಯೂ ಈ ಪ್ರದೇಶದ್ದೇ. ಹೆಣ್ಣು ಮೊಟ್ಟೆಯಿಟ್ಟು ಹೋದ ಬಳಿಕ ಗಂಡು ತೊರೆಯ ತಳದಿಂದ ಮುಂಗಾಲುಗಳಲ್ಲಿ ಕೆಸರು ತಂದು ಆ ಮೊಟ್ಟೆಗಳಿಗೆ ಮೆತ್ತುತ್ತದೆ. ತೊರೆಯಲ್ಲಿ ಹಸಿ ಕೆಸರಿಲ್ಲದಿದ್ದರೆ ಈ ಕೆಲಸವೇ ನಡೆಯದು.

ಜಡ್ಡಿ ಮತ್ತು ಅದರ ಸುತ್ತಲಿನ ಕಾಡು ಪರಸ್ಪರ ಅವಲಂಬಿಸಿವೆ. ರಾಂಪತ್ರೆ ಜಾತಿಯ ಮರಗಳ ಬೀಜವನ್ನು ಆವರಿಸಿರುವ ಬಣ್ಣದ ಪದರವನ್ನು, ಅಂದರೆ ಪತ್ರೆಯನ್ನು, ತಿನ್ನಲು ಬರುವ ಮಂಗಟ್ಟೆ ಹಕ್ಕಿಗಳು ಬೀಜಗಳನ್ನು ದೂರಕ್ಕೆ ಒಯ್ಯುತ್ತವೆ. ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ, ಅಳಿವಿನಂಚಿಗೆ ಸರಿದಿರುವ ಸಿಂಗಳೀಕವು ಬಹುತೇಕ ಮರದ ಮೇಲೆಯೇ ಬದುಕುವ ಪ್ರಾಣಿಯಾದ್ದರಿಂದ, ಅದಕ್ಕೆ ಕೊಂಬೆಗೆ ಕೊಂಬೆ ತಾಗುವ ನಿರಂತರ ಹಂದರ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಸಿಂಗಳೀಕದ ಬೇಟೆಯನ್ನು ನಿಷೇಧಿಸಿದೆ. ಆದರೆ ಹಂದರ ತುಂಡಾದ ಕಾಡಿನಲ್ಲಿ ಬೇಟೆಯಿಲ್ಲದೆಯೂ ಅದರ ಗುಂಪುಗಳು ಒಂದಕ್ಕೊಂದು ದೂರವಾಗಿ ಕ್ಷೀಣಿಸುತ್ತವೆ. 2011ರಲ್ಲಿ ಘೋಷಿತವಾದ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶದ ಮಹತ್ವ ಇರುವುದು ಇಲ್ಲಿಯೇ: ಒಂದು ಪ್ರಾಣಿಯ ಹೆಸರಿನಲ್ಲಿ ಅದು ಜಡ್ಡಿಗಳಿಗೂ ಅವುಗಳ ನೀರಿಗೂ ರಕ್ಷಣೆ ಒದಗಿಸಿತು.

ಈ ಕಾಡುಗಳ ನಾಶಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಬತ್ತದ ನೀರು, ತಂಪಾದ ಕಣಿವೆ, ಫಲವತ್ತಾದ ಮೆಕ್ಕಲು ಮಣ್ಣು ಇವು ಅಡಿಕೆ ತೋಟಕ್ಕೂ ಭತ್ತದ ಗದ್ದೆಗೂ ಅತ್ಯುತ್ತಮವಾದ್ದರಿಂದ, ತಲೆಮಾರುಗಳಿಂದ ಜಡ್ಡಿಗಳು ಬೇಸಾಯದ ನೆಲಗಳಾಗಿವೆ. ಹಿಂದಿನವರು ಅನ್ನಕ್ಕಾಗಿ ಮಾಡಿದ ಈ ಕೆಲಸವನ್ನು ಇಂದು ಕುಳಿತು ದೂಷಿಸುವುದು ನ್ಯಾಯವಲ್ಲ. ಆದರೆ ಅಳಿದುಳಿದ ಜಡ್ಡಿಗಳ ತೊರೆಗಳಿಗೆ ಈಗಲೂ ಪೈಪು ಹಾಕಿ ನೀರನ್ನು ಪೂರ್ತಿಯಾಗಿ ತಿರುಗಿಸುವುದು ಕೃಷಿಕರಿಗೂ ನಷ್ಟವೇ, ಏಕೆಂದರೆ ಮಳೆನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಕೆಳಗಿನ ತೋಟಗಳಿಗೆ ನಿಧಾನವಾಗಿ ಬಿಡುವುದು ಇದೇ ಜೌಗು ನೆಲ. ತೋಟಗಳಲ್ಲಿ ಬೆಳೆಯುವ ಜಾಯಿಕಾಯಿಯನ್ನು ಕಸಿ ಕಟ್ಟಲು ಕಾಡಿನ ಮಿರಿಸ್ಟಿಕಾ ಜಾತಿಗಳ ಗಿಡಗಳೂ ಬೇರುಗಿಡಗಳಾಗಿ ಬಳಕೆಯಲ್ಲಿವೆ. ಈ ಕಾಡು ಬಂಧುಗಳು ಅಳಿದರೆ ಮುಂದಿನ ತಳಿ ಸುಧಾರಣೆಗೆ ಬೇಕಾದ ಗುಣಗಳೂ ಕೈತಪ್ಪುತ್ತವೆ.

ಈ ಮರಗಳ ಬೀಜಗಳನ್ನು ಭತ್ತ ರಾಗಿಗಳಂತೆ ಒಣಗಿಸಿ ಕೂಡಿಡಲಾಗದು. ತೇವ ಆರಿದರೆ ಅವು ಮೊಳೆಯುವ ಶಕ್ತಿಯನ್ನು ಬೇಗ ಕಳೆದುಕೊಳ್ಳುತ್ತವೆ. ಆದ್ದರಿಂದ ಬೀಜ ಭಂಡಾರಗಳು ಇಲ್ಲಿ ಹೆಚ್ಚು ನೆರವಾಗವು. ತಾಜಾ ಬೀಜಗಳನ್ನು ಆರಿಸಿ ನರ್ಸರಿಯಲ್ಲಿ ಸಸಿ ಮಾಡಿ ಜಡ್ಡಿಗಳಲ್ಲಿ ಮರಳಿ ನೆಡುವ ಕೆಲಸದಲ್ಲಿ ಶಿರಸಿಯ ಅರಣ್ಯ ಮಹಾವಿದ್ಯಾಲಯದ ಸಂಶೋಧಕರು ತೊಡಗಿದ್ದಾರೆ. ನೆರಳು ಮತ್ತು ಸದಾ ಹಸಿಯಾದ ನೆಲ ಎರಡನ್ನೂ ಬಯಸುವ ಆ ಸಸಿಗಳು ಬದುಕಬೇಕಾದರೆ, ನೆಡುವ ಮೊದಲೇ ಮೇಲಿನ ಹಂದರ ಉಳಿದಿರಬೇಕು, ತಿರುಗಿಸಿದ ತೊರೆಯ ಒಂದು ಪಾಲಾದರೂ ಏಪ್ರಿಲ್-ಮೇ ತಿಂಗಳುಗಳಲ್ಲಿ ತನ್ನ ಹಳೆಯ ಪಾತ್ರದಲ್ಲಿ ಹರಿಯುವಂತಿರಬೇಕು.