ಉಪಯೋಗವಿಲ್ಲದ ಡಿಎನ್‌ಎ ಉಳಿಯುವುದೇ ಇಲ್ಲವೇ?

ಜೀವಿಯ ಡಿಎನ್‌ಎಯಲ್ಲಿ ಇರುವುದೆಲ್ಲ ಅದರ ಒಳಿತಿಗಾಗಿಯೇ ಇದೆ, ಇಲ್ಲದಿದ್ದರೆ ವಿಕಾಸ ಅದನ್ನು ಎಂದೋ ಅಳಿಸಿಹಾಕುತ್ತಿತ್ತು ಎಂಬ ನಂಬಿಕೆ ಓದಿಕೊಂಡವರಲ್ಲೂ ಗಟ್ಟಿಯಾಗಿದೆ. ಇದು ತಪ್ಪು. ಮಾಗಿದ ಬಾಳೆಹಣ್ಣಿಗೆ ಮುತ್ತುವ ಡ್ರೊಸೊಫಿಲಾ ಮೆಲನೋಗ್ಯಾಸ್ಟರ್ ಎಂಬ ಪುಟ್ಟ ನೊಣವೇ ಇದಕ್ಕೆ ಸಾಕ್ಷಿ.

20ನೇ ಶತಮಾನದ ಆರಂಭದಲ್ಲಿ ಹಿಡಿದು ಪ್ರಯೋಗಾಲಯಗಳಲ್ಲಿ ಸಾಕಿಕೊಂಡು ಬಂದ ನೊಣಗಳಲ್ಲಿ ‘ಪಿ ಎಲಿಮೆಂಟ್’ ಎಂಬ ಡಿಎನ್‌ಎ ತುಣುಕು ಇಲ್ಲ. ಇಂದು ಹೊರಗೆ ಹಾರಾಡುವ ಅದೇ ಜಾತಿಯ ನೊಣಗಳಲ್ಲಿ ಅದು ಜಗತ್ತಿನಾದ್ಯಂತ ಇದೆ. ಕೆಲವೇ ದಶಕಗಳಲ್ಲಿ ಹೀಗೆ ಹಬ್ಬಿದ್ದು ನೊಣಕ್ಕೆ ಉಪಕಾರ ಮಾಡಿ ಅಲ್ಲ. ಪಿ ಇರುವ ಗಂಡನ್ನು ಹಳೆಯ ತಳಿಯ ಹೆಣ್ಣಿನೊಂದಿಗೆ ಕೂಡಿಸಿ ಮರಿಗಳನ್ನು ಬೆಚ್ಚಗಿನ ಜಾಗದಲ್ಲಿ ಬೆಳೆಸಿದರೆ, ಹೆಣ್ಣು ಮರಿಗಳ ಅಂಡಾಶಯ ಮುರುಟಿ ಅವು ಬಂಜೆಯಾಗುತ್ತವೆ. ಪಿ ತಾಯಿಯ ಕಡೆಯಿಂದ ಬಂದರೆ ಈ ತೊಂದರೆ ಇಲ್ಲ. ಅದನ್ನು ಹತ್ತಿಕ್ಕುವ ಪುಟ್ಟ ಆರ್‌ಎನ್‌ಎಗಳೂ ಮೊಟ್ಟೆಯೊಂದಿಗೇ ಬರುತ್ತವೆ.

ಹಾನಿ ಮಾಡಿಯೂ ಪಿ ಗೆದ್ದದ್ದು ಹೇಗೆ? ಸಾಮಾನ್ಯ ಜೀನ್‌ನ ಒಂದು ಪ್ರತಿ ಸರಾಸರಿ ಅರ್ಧದಷ್ಟು ಮರಿಗಳಿಗೆ ಹೋಗುತ್ತದೆ. ಪಿ ಆ ಪಾಲಿಗೆ ತೃಪ್ತವಲ್ಲ. ತನ್ನ ಜಾಗದಿಂದ ಕತ್ತರಿಸಿಕೊಂಡು ಬೇರೆಡೆ ಹೋಗಿ ಕೂರುತ್ತದೆ. ಬಿಟ್ಟುಹೋದ ಕಡೆಯ ಬಿರುಕನ್ನು ಕೋಶವು ಆ ಡಿಎನ್‌ಎಯ ಪಿ ಇರುವ ಇನ್ನೊಂದು ಪ್ರತಿಯನ್ನು ನೋಡಿ ಸರಿಪಡಿಸುವಾಗ ಅಲ್ಲೂ ಪಿ ಮತ್ತೆ ಮೂಡುತ್ತದೆ. ಒಂದಿದ್ದದ್ದು ಎರಡಾಯಿತು. ಈ ಜಿಗಿತಕ್ಕೆ ಬೇಕಾದ ಕಿಣ್ವ ತಯಾರಾಗುವುದು ವೀರ್ಯ, ಅಂಡಗಳನ್ನು ಕೊಡುವ ಕೋಶಗಳಲ್ಲಿ ಮಾತ್ರ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ. ಉಳಿದ ದೇಹ ನೊಣದೊಂದಿಗೇ ಸಾಯುತ್ತದೆ. ಅಲ್ಲಿ ಹೆಚ್ಚಿ ಪಿಗೆ ಲಾಭವಿಲ್ಲ. ಇದರಲ್ಲಿ ಉದ್ದೇಶವೇನೂ ಇಲ್ಲ, ಹೆಚ್ಚು ಪ್ರತಿ ಮಾಡಿಕೊಂಡದ್ದು ಉಳಿಯಿತು, ಅಷ್ಟೆ. ‘ಸ್ವಾರ್ಥಿ ಡಿಎನ್‌ಎ’ ಎಂದು 1980ರಲ್ಲಿ ಲೆಸ್ಲಿ ಆರ್ಗೆಲ್ ಮತ್ತು ಫ್ರಾನ್ಸಿಸ್ ಕ್ರಿಕ್ ಬರೆದದ್ದು ಇದನ್ನೇ ಕುರಿತು.

ಡಿಎನ್‌ಎ ತಂದೆತಾಯಿಯಿಂದ ಮಾತ್ರ ಬರುತ್ತದೆ ಎಂಬ ಮಾತೂ ಇಲ್ಲಿ ನಿಲ್ಲದು. ಪಿ ಬಂದದ್ದು ಡ್ರೊಸೊಫಿಲಾ ವಿಲ್ಲಿಸ್ಟೋನಿ ಎಂಬ ದೂರದ ಜಾತಿಯಿಂದ. ಪಿಯ ಸುಮಾರು 2,900 ಡಿಎನ್‌ಎ ಅಕ್ಷರಗಳಲ್ಲಿ ಎರಡೂ ಕಡೆಯ ಪ್ರತಿಗಳಿಗೆ ಇದ್ದ ವ್ಯತ್ಯಾಸ ಒಂದೇ ಅಕ್ಷರ.

ಇನ್ನು ಪಿಯಂಥ ತುಣುಕುಗಳೆಲ್ಲ ಒಂದಾಗಿ ಜೀವಿಯ ಮೇಲೆ ಬೀಳುತ್ತವೆ ಎಂದುಕೊಳ್ಳಬೇಡಿ. ಅವುಗಳಲ್ಲೇ ಪೈಪೋಟಿಯಿದೆ. ನಮ್ಮ ಜೀನೋಮ್‌ನಲ್ಲಿರುವ ಎಲ್1 ಸುಮಾರು 6,000 ಅಕ್ಷರಗಳ ತುಣುಕು, ತನ್ನ ನಕಲಿಗೆ ಬೇಕಾದ ಪ್ರೋಟೀನನ್ನು ತಾನೇ ಮಾಡಿಕೊಳ್ಳುತ್ತದೆ. ಸುಮಾರು 300 ಅಕ್ಷರಗಳ ಆಲು ಯಾವ ಪ್ರೋಟೀನನ್ನೂ ಮಾಡದು. ಎಲ್1ನದ್ದನ್ನು ಕಸಿದುಕೊಂಡು ನಮ್ಮಲ್ಲಿ 10 ಲಕ್ಷಕ್ಕೂ ಹೆಚ್ಚು ಪ್ರತಿಗಳಾಗಿ ಕೂತಿದೆ. ನಮ್ಮ ಡಿಎನ್‌ಎಯ ಹತ್ತನೇ ಒಂದು ಭಾಗ ಅದೇ.

ಹಾಗೆಂದು ಇವೆಲ್ಲ ಬರೀ ಕಸವೂ ಅಲ್ಲ. ನಮ್ಮ ಪ್ರತಿಕಾಯಗಳ ಜೀನ್‌ಗಳನ್ನು ಕತ್ತರಿಸಿ ಜೋಡಿಸುವ ರ‍್ಯಾಗ್ ಕಿಣ್ವ ಇಂಥದೇ ಜಿಗಿಯುವ ತುಣುಕೊಂದರ ಸಂತತಿ. ಆದರೆ ಅಂಥ ಒಂದನ್ನು ತೋರಿಸಿ ಹತ್ತು ಲಕ್ಷ ಆಲು ಪ್ರತಿಗಳಿಗೂ ಕೆಲಸ ಹುಡುಕಲು ಹೊರಡುವುದು ಸರಿಯಲ್ಲ; ಅವು ಬಂದದ್ದು ನಮಗಾಗಿ ಅಲ್ಲ.