ಅಂಗಳಕ್ಕೊಂದು ಬಸವನಪಾದ

ಗಿಡಮರಗಳ ಬಗ್ಗೆ ಮಾತುಕತೆ ಪ್ರಸಾರವಾದ ಮೇಲೆ ನಮಗೆ ಬರುವ ಪತ್ರಗಳಲ್ಲಿ ಉತ್ತರ ಕರ್ನಾಟಕದ ವೀಕ್ಷಕರ ಪ್ರಶ್ನೆ ಒಂದೇ ಬಗೆಯದು. ಮನೆಯ ಮುಂದೆ ನಾಲ್ಕು ಹೆಜ್ಜೆ ಜಾಗವಿದೆ. ಬೇವು, ಅರಳಿಯಂಥ ದೊಡ್ಡ ಮರ ಅಲ್ಲಿ ಹಿಡಿಸದು. ಹೂವಿರಬೇಕು, ಒಂದಿಷ್ಟು ನೆರಳಿರಬೇಕು, ಆದರೆ ನೀರು ಬಹಳ ಕೇಳಬಾರದು. ವಿಜಯಪುರ, ತಿಕೋಟಾ, ಬಬಲೇಶ್ವರ ಕಡೆಯವರ ಪತ್ರಗಳಲ್ಲಿ ಕೊನೆಯ ಮಾತಿಗೇ ಒತ್ತು ಹೆಚ್ಚು. ಈಚೆಗೆ ಇದಕ್ಕೆ ಇನ್ನೊಂದು ಮಾತೂ ಸೇರಿಕೊಂಡಿದೆ. ಅಮೆರಿಕದಲ್ಲಿರುವ ಮಕ್ಕಳು ಕಳುಹಿಸಿದ ಚಿತ್ರಗಳಲ್ಲಿ ಎಲೆಯೇ ಇಲ್ಲದ ಕೊಂಬೆಗಳ ತುಂಬ ಗುಲಾಬಿ ಹೂ ಹೊತ್ತ ಪುಟ್ಟ ಮರವನ್ನು ಕಂಡವರು ಅದನ್ನೇ ಇಲ್ಲಿ ನೆಡಬಹುದೇ ಎಂದು ಕೇಳುತ್ತಾರೆ. ತೆರೆಯ ಮೇಲಿನ ಕೆಲವೇ ನಿಮಿಷಗಳಲ್ಲಿ ಇದಕ್ಕೆ ಪೂರ್ತಿ ಉತ್ತರ ಹೇಳಲಾಗದು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಆ ಮರದ ಹೆಸರು ರೆಡ್‌ಬಡ್. ಶಾಸ್ತ್ರೀಯವಾಗಿ ಸರ್ಸಿಸ್. ಉತ್ತರ ಅಮೆರಿಕದ ಪೂರ್ವಭಾಗದ ಕಾಡುಗಳ ಮರವಿದು. 1937ರಲ್ಲಿ ಓಕ್ಲಹೋಮಾ ಇದನ್ನು ತನ್ನ ರಾಜ್ಯವೃಕ್ಷವೆಂದು ಆರಿಸಿಕೊಂಡಿತು. ಇದರ ಇನ್ನೊಂದು ಜಾತಿ ಮೆಡಿಟರೇನಿಯನ್ ಸಮುದ್ರದ ಸುತ್ತಿನ ನಾಡುಗಳಲ್ಲಿದೆ. ಹಳೆಯ ಕೊಂಬೆಗಳಿಂದ, ಕೆಲವೊಮ್ಮೆ ಬೊಡ್ಡೆಯಿಂದಲೇ ಹೂ ಒಡೆಯುವುದು ಇದರ ವಿಶೇಷ. ಆದರೆ ಈ ಮರದ ಮೊಗ್ಗು ಎಚ್ಚರಗೊಳ್ಳಬೇಕಾದರೆ ಅದಕ್ಕೆ ಮೊದಲು ವಾರಗಟ್ಟಲೆ ಕೊರೆವ ಚಳಿ ತಾಗಿರಬೇಕು. ನಮ್ಮ ಊರಿನ ಡಿಸೆಂಬರ್ ಚಳಿಗೆ ಕಂಬಳಿ ಸಾಕಾಗುತ್ತದೆ, ರೆಡ್‌ಬಡ್‌ಗೆ ಆ ಚಳಿ ಸಾಲದು. ದುಡ್ಡು ಕೊಟ್ಟು ತರಿಸಿ ನೆಟ್ಟರೂ ಸಣ್ಣ ಎಲೆಗಳನ್ನು ಬಿಟ್ಟುಕೊಂಡು ಸೊರಗುವುದಲ್ಲದೆ ಹೂವಿನ ಸಂಭ್ರಮ ಕಾಣಿಸಲಾರದು.

ಸಂತೋಷದ ಸಂಗತಿಯೆಂದರೆ ರೆಡ್‌ಬಡ್‌ನ ಹತ್ತಿರದ ಸಂಬಂಧಿಗಳು ನಮ್ಮಲ್ಲೇ ಇದ್ದಾರೆ. ಅವೇ ಮಂದಾರ, ಬಸವನಪಾದ ಎಂದು ನಾವು ಕರೆಯುವ ಬಾಹಿನಿಯಾ ಜಾತಿಯ ಮರಗಳು. ಇವನ್ನೆಲ್ಲ ಬಹುಕಾಲ ಗುಲ್‌ಮೊಹರ್, ಕಕ್ಕೆಗಳ ಉಪಕುಟುಂಬದಲ್ಲೇ ಸೇರಿಸಿದ್ದರು. 2017ರಲ್ಲಿ ಸಸ್ಯಶಾಸ್ತ್ರಜ್ಞರು ಇಡೀ ಬೇಳೆಕಾಳಿನ ಕುಟುಂಬವನ್ನು ಆರು ಉಪಕುಟುಂಬಗಳಾಗಿ ಮರುವಿಂಗಡಿಸಿದಾಗ ರೆಡ್‌ಬಡ್ ಮತ್ತು ಬಾಹಿನಿಯಾ ಎರಡೂ ಒಂದೇ ಮನೆಗೆ ಬಂದವು. ಎಲೆಯನ್ನು ನೋಡಿ. ರೆಡ್‌ಬಡ್‌ನದು ಹೃದಯದ ಆಕಾರ. ಬಸವನಪಾದದ್ದು ಅದೇ ಎಲೆಯನ್ನು ತುದಿಯಿಂದ ಸೀಳಿದಂತೆ ಎರಡು ಹೋಳು. ಎತ್ತಿನ ಗೊರಸಿನ ಗುರುತು ಕಂಡವರೇ ಕೊಟ್ಟ ಹೆಸರು ಅದು, ಇದಕ್ಕಿಂತ ಒಪ್ಪುವ ಹೆಸರು ಸಿಗುವುದು ಕಷ್ಟ. ಪಾಶ್ಚಾತ್ಯರು ಅದೇ ಜೋಡಿ ಹೋಳನ್ನು ನೋಡಿ ಬಾಹಿನ್ ಎಂಬ ಇಬ್ಬರು ಸಸ್ಯಶಾಸ್ತ್ರಜ್ಞ ಸೋದರರ ಹೆಸರಿಟ್ಟರು. ಕತ್ತಲಾದ ಮೇಲೆ ಟಾರ್ಚ್ ಹಿಡಿದು ನೋಡಿದರೆ ಎಲೆಗಳು ಪುಸ್ತಕ ಮುಚ್ಚಿದಂತೆ ಮಡಚಿಕೊಂಡಿರುತ್ತವೆ. ಮಕ್ಕಳಿಗೆ ತೋರಿಸಿ.

ಇವುಗಳಲ್ಲಿ ಯಾವುದನ್ನು ಆರಿಸಬೇಕು? ನರ್ಸರಿಯಲ್ಲಿ ಎಲ್ಲವನ್ನೂ ಮಂದಾರ ಎಂದೇ ಕೊಟ್ಟುಬಿಡುತ್ತಾರೆ, ಆದ್ದರಿಂದ ನೀವೇ ಗುರುತು ತಿಳಿದಿರಬೇಕು. ದಸರೆಯ ಆಸುಪಾಸಿನಿಂದ ಡಿಸೆಂಬರ್‌ವರೆಗೆ ಎಲೆಗಳ ನಡುವೆಯೇ ನೇರಳೆಗೆಂಪು ಹೂ ಬಿಡುವುದು ಪರ್‌ಪ್ಯೂರಿಯಾ, ಅಂದರೆ ಬಸವನಪಾದ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ, ಬಹುಪಾಲು ಎಲೆ ಉದುರಿದ ಕೊಂಬೆಯಲ್ಲಿ ಹೂ ಬಿಡುವುದು ವೇರಿಗೇಟಾ, ಅಂದರೆ ಕೆಂಪು ಮಂದಾರ. ಉತ್ತರ ಭಾರತದವರು ಕಚನಾರ್ ಎಂದು ಮೊಗ್ಗನ್ನು ಪಲ್ಯ ಮಾಡುವುದು ಇದನ್ನೇ. ಅನುಮಾನವಿದ್ದರೆ ಹೂವಿನೊಳಗೆ ಪರಾಗ ಹೊತ್ತ ಕೇಸರಗಳನ್ನು ಎಣಿಸಿ. ಮೂರಿದ್ದರೆ ಬಸವನಪಾದ, ಐದಿದ್ದರೆ ಕೆಂಪು ಮಂದಾರ. ರೆಡ್‌ಬಡ್‌ನ ಚಿತ್ರಕ್ಕೆ ಮನಸೋತವರಿಗೆ ಹತ್ತಿರವಾದದ್ದು ಈ ಎರಡನೆಯದು. ಆದರೆ ನಮ್ಮ ಬಿಸಿಲಿಗೆ, ನಮ್ಮ ನೀರಿಗೆ ನಾನು ಬಸವನಪಾದವನ್ನೇ ಹೇಳುತ್ತೇನೆ. ಮಳೆಗಾಲದ ಹಸಿಯಿಂದಲೇ ಅದು ಹೂವಿನ ಕೆಲಸ ಮುಗಿಸಿಬಿಡುತ್ತದೆ, ಬೇಸಿಗೆಯಲ್ಲಿ ಅದಕ್ಕೆ ಖರ್ಚು ಕಡಮೆ. ಜಾಗ ತೀರ ಚಿಕ್ಕದಿದ್ದರೆ ಹಳದಿ ಗಂಟೆಯಂಥ ಹೂ ಜೋತುಬಿಡುವ ಟೊಮೆಂಟೋಸಾ ಪೊದೆ ಸಾಕು. ಇವೆಲ್ಲವುಗಳಿಗಿಂತ ಗಟ್ಟಿ ಜೀವ ರೆಸಿಮೋಸಾ, ಮರಾಠಿಯ ಆಪ್ಟಾ. ಹೂವು ಮಾತ್ರ ಮಾಸಲು ಬಿಳಿ, ಸಣ್ಣದು. ಅದರ ಮಾತು ಮುಂದೆ ಬರುತ್ತದೆ.

ವಿಜಯಪುರದ ವಾರ್ಷಿಕ ಮಳೆ 600 ಮಿಲಿಮೀಟರ್ ಆಸುಪಾಸು. ಆಗುಂಬೆಯಲ್ಲಿ ಅದು 7000 ದಾಟುತ್ತದೆ. ಪ್ರಮಾಣಕ್ಕಿಂತಲೂ ನೀವು ಗಮನಿಸಬೇಕಾದದ್ದು ಅದು ಬೀಳುವ ಹೊತ್ತು. ಮಲೆನಾಡಿಗೆ ಜುಲೈ ಹೇಗೋ ನಮಗೆ ಸೆಪ್ಟೆಂಬರ್ ಹಾಗೆ. ಆಗಲೇ ಹೆಚ್ಚಿನ ಮಳೆ. ಜೂನ್ ಮೊದಲ ವಾರದಲ್ಲಿ ಸಸಿ ನೆಟ್ಟು ಮುಂದೆ ಮಳೆ ಕೈಕೊಟ್ಟಾಗ ಒದ್ದಾಡುವ ಬದಲು ಜುಲೈ ಕೊನೆಗೋ ಆಗಸ್ಟ್‌ನಲ್ಲೋ ನೆಡಿ. ಬೇರು ಹೊಸ ಮಣ್ಣಿಗೆ ಹೊಂದಿಕೊಳ್ಳುವಷ್ಟರಲ್ಲಿ ದೊಡ್ಡ ಮಳೆ ಬಂದಿರುತ್ತದೆ.

ಬಬಲೇಶ್ವರ ತಾಲ್ಲೂಕಿನ ಸಾರವಾಡದ ಸುತ್ತ, ಡೋಣಿ ದಂಡೆಗೆ, ಆಳವಾದ ಎರೆ ಮಣ್ಣು. ತಿಕೋಟಾ ಕಡೆಯ ದಿಬ್ಬಗಳಲ್ಲಿ ಕೈ ಆಳ ತೋಡಿದರೆ ಗರಸು. ಗರಸಿನವರಿಗೆ ಕಷ್ಟ ಗುದ್ದಲಿಯದು ಮಾತ್ರ. ಎರಡು ಅಡಿ ಗುಂಡಿ ತೆಗೆದು ಗೊಬ್ಬರ ಬೆರೆಸಿ ತುಂಬಿದರೆ ಆಯಿತು, ನೀರು ಬಸಿದುಹೋಗುತ್ತದೆ. ಎರೆಯದು ಬೇರೆ ಕಥೆ. ಅದರ ಜೇಡಿಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತವೆ. ಏಪ್ರಿಲ್‌ನಲ್ಲಿ ಎರೆಹೊಲದ ಬಿರುಕಿಗೆ ಕೈ ಇಳಿಯುವುದನ್ನು ನೀವೇ ಕಂಡಿದ್ದೀರಿ. ಆ ಬಿರುಕು ಸಸಿಯ ಎಳೆಬೇರುಗಳನ್ನು ಹರಿದುಹಾಕುತ್ತದೆ. ಜೋಳದ ಕಣಕಿಯನ್ನೋ ಒಣ ಎಲೆಯನ್ನೋ ಬುಡದ ಸುತ್ತ ನಾಲ್ಕು ಬೆರಳು ದಪ್ಪ ಹಾಸಿದರೆ ಬಿರುಕು ಬಹುಮಟ್ಟಿಗೆ ತಪ್ಪುತ್ತದೆ. ಎರೆಯಲ್ಲಿ ತೋಡಿದ ಗುಂಡಿಗೆ ಬರೀ ಮರಳು, ಕೆಂಪುಮಣ್ಣು ತುಂಬಬೇಡಿ. ಮಳೆಗಾಲದಲ್ಲಿ ಗುಂಡಿ ಬೋಗುಣಿಯಾಗಿ ನೀರು ನಿಂತು ಬೇರು ಕೊಳೆಯುತ್ತದೆ. ಅದೇ ಮಣ್ಣಿಗೆ ಗೊಬ್ಬರ ಬೆರೆಸಿ, ಸಸಿಯನ್ನು ಸುತ್ತಲ ನೆಲಕ್ಕಿಂತ ತುಸು ಎತ್ತರದಲ್ಲಿ ನಿಲ್ಲಿಸಿ. ಗೋಡೆಯಿಂದ ಹತ್ತು ಹನ್ನೆರಡು ಅಡಿ ದೂರವಿರಲಿ. ಎರೆಯಲ್ಲಿ ಮರ ತಳಪಾಯದ ಹಸಿ ಹೀರಿದರೆ ಮಣ್ಣು ಕುಗ್ಗಿ ಗೋಡೆ ಸೀಳುವುದುಂಟು.

ಇನ್ನು ನೀರಿನ ವಿಷಯ. ಬರ ತಡೆಯುವ ಮರ ಎಂಬ ಮಾತನ್ನು ನಂಬಿ ನೆಟ್ಟು, ಎರಡನೆಯ ಬೇಸಿಗೆಯಲ್ಲಿ ಒಣಗಿತೆಂದು ದೂರುವವರು ಬಹಳ. ಬರ ತಡೆಯುವ ಗುಣ ಸಸಿಯ ಚೀಲದೊಳಗೆ ಸಿದ್ಧವಾಗಿ ಬರುವುದಿಲ್ಲ. ಅದು ಬೇರಿನ ಆಳದಲ್ಲಿದೆ, ಆ ಆಳವನ್ನು ಮೊದಲ ಎರಡು ವರ್ಷ ನೀವು ನೀರು ಕೊಡುವ ಕ್ರಮ ನಿರ್ಧರಿಸುತ್ತದೆ. ದಿನಕ್ಕೆ ಮೂರು ಲೀಟರಿನ ತಂಬಿಗೆ ಲೆಕ್ಕದಲ್ಲಿ ಬುಡಕ್ಕೆ ಸುರಿದರೆ ನೀರು ಗೇಣು ಆಳಕ್ಕಿಂತ ಕೆಳಗೆ ಇಳಿಯದು. ಬೇರಿಗೆ ಅಲ್ಲೇ ಊಟ ಸಿಕ್ಕುತ್ತಿರುವಾಗ ಕೆಳಗೆ ಹೋಗುವ ಹಂಗು ಯಾಕೆ? ಹಾಗೆ ಬೆಳೆದ ಮರ, ನೀವು ಹದಿನೈದು ದಿನ ಮದುವೆಗೆಂದು ಊರಿಗೆ ಹೋದರೆ ಸಾಕು, ಬಾಡುತ್ತದೆ. ಗಾಳಿಗೆ ಉರುಳುವುದೂ ಅಂಥದ್ದೇ. ವಾರಕ್ಕೆ ಅದೇ ನೀರು ಇಪ್ಪತ್ತೊಂದು ಲೀಟರಾಯಿತು. ಅದನ್ನು ಒಂದೇ ಸಲ, ಸಂಜೆ ಹೊತ್ತು, ನಿಧಾನವಾಗಿ ಇಂಗುವಂತೆ ಕೊಡಿ. ಒಂದು ಹನಿಯೂ ಹೆಚ್ಚು ಖರ್ಚಾಗಲಿಲ್ಲ, ಆದರೆ ಎರಡು ಅಡಿ ಕೆಳಗೆ ಹಸಿ ಮುಟ್ಟಿತು. ಮೇಲ್ಮಣ್ಣು ಒಣಗಿದಾಗ ಬೇರು ಹಸಿಯನ್ನು ಹುಡುಕಿಕೊಂಡು ಇಳಿಯುತ್ತದೆ.

ಮೊದಲ ಬೇಸಿಗೆ ವಾರಕ್ಕೊಮ್ಮೆ, ಎರಡನೆಯದರಲ್ಲಿ ಎರಡು ಮೂರು ವಾರಕ್ಕೊಮ್ಮೆ ಎರಡು ಕೊಡ, ಮೂರನೆಯದರಲ್ಲಿ ತಿಂಗಳಿಗೊಮ್ಮೆ. ಇದು ಅಂದಾಜು. ಬೆತ್ತವೊಂದನ್ನು ಮಣ್ಣಿಗೆ ಚುಚ್ಚಿ ನೋಡುವುದು ಪಂಚಾಂಗಕ್ಕಿಂತ ಮೇಲು. ನೀರಿನ ಪಾತಿಯನ್ನು ವರ್ಷವರ್ಷ ಹೊರಗೆ ಸರಿಸುತ್ತ ಹೋಗಿ, ಬೊಡ್ಡೆಗೆ ತಾಗಿಸಬೇಡಿ. ಎಲೆ ಮಾರ್ಚ್‌ನಲ್ಲಿ ಉದುರಿದರೆ ಗಾಬರಿಯಿಂದ ಕೊಳವೆ ಹಿಡಿಯಬೇಡಿ, ಅದು ಆ ಮರದ ಸ್ವಭಾವ. ತಿಕೋಟಾದ ದ್ರಾಕ್ಷಿ ಬೆಳೆಗಾರರಿಗೆ ಒಂದು ಮಾತು. ತೋಟದ ಹನಿ ನೀರಾವರಿ ಪೈಪನ್ನು ಅಂಗಳದ ಹೂಮರಕ್ಕೂ ಎಳೆದುಬಿಡುವುದು ಸುಲಭವೇ. ಆದರೆ ಬಳ್ಳಿಗೆ ನೀವು ಕೊಡುವುದು ಹಣ್ಣಿಗಾಗಿ, ಅದೂ ದಿನದಿನದ ಲೆಕ್ಕದಲ್ಲಿ. ಮರ ಬೆಳೆಯಬೇಕಾದದ್ದು ಟ್ಯಾಂಕರ್ ಬಾರದ ವರ್ಷಕ್ಕಾಗಿ.

ಬೇಳೆಕಾಳಿನ ಕುಟುಂಬದ್ದಾದ್ದರಿಂದ ಗೊಬ್ಬರ ಬೇಡವೆಂದು ಕೆಲವರು ತಿಳಿಯುತ್ತಾರೆ. ತೊಗರಿ, ಕಡಲೆಗಳ ಬೇರಿನಲ್ಲಿ ಸಾರಜನಕ ಕೂಡಿಸುವ ಗಂಟುಗಳಿರುವುದು ನಿಜ, ಬಸವನಪಾದದ ಬೇರಿನಲ್ಲಿ ಅವಿಲ್ಲ. ವರ್ಷಕ್ಕೆ ಎರಡು ಬುಟ್ಟಿ ತಿಪ್ಪೆಗೊಬ್ಬರ ಹಾಕಿ. ನಮ್ಮ ಸುಣ್ಣದ ಮಣ್ಣಿನಲ್ಲಿ, ಕೊಳವೆಬಾವಿಯ ಗಡಸು ನೀರಿನಲ್ಲಿ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸುರಾಗಿ ಉಳಿಯಬಹುದು. ಅದು ಕಬ್ಬಿಣದ ಕೊರತೆ, ನೀರಿನದಲ್ಲ. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿದರೆ ತಿಳಿಯಾಗುತ್ತದೆ. ಆಡುಗಳಿಗೆ ಈ ಎಲೆ ಅಚ್ಚುಮೆಚ್ಚು. ಜಾಲಿಯ ಮುಳ್ಳಿನ ಬೇಲಿ ಎದೆಯೆತ್ತರಕ್ಕೆ ಇರಲಿ.

ಆಪ್ಟಾದ ಮಾತು ಬಾಕಿ ಇತ್ತು. ವಿಜಯದಶಮಿಯ ಸಂಜೆ ಬನ್ನಿ ಕೊಟ್ಟು ಬಂಗಾರದ್ಹಂಗ ಇರೋಣ ಎನ್ನುತ್ತೇವಲ್ಲ, ಆ ಬನ್ನಿ ಶಾಸ್ತ್ರಕ್ಕೆ ಶಮೀವೃಕ್ಷ, ಹುಣಸೆಯಂತೆ ಚಿಕ್ಕಚಿಕ್ಕ ಎಲೆಯದು. ಮಹಾರಾಷ್ಟ್ರದಲ್ಲಿ ಚಿನ್ನವೆಂದು ಹಂಚುವುದು ಆಪ್ಟಾದ ಎರಡು ಹೋಳಿನ ಎಲೆಯನ್ನು. ಗಡಿಯಂಚಿನ ನಮ್ಮ ಪೇಟೆಗಳಲ್ಲೂ ಆ ಎಲೆ ಬನ್ನಿಯ ಹೆಸರಿನಲ್ಲಿ ಕೈಯಿಂದ ಕೈಗೆ ಹೋಗುತ್ತದೆ. ಸಂಪ್ರದಾಯಕ್ಕೆ ನನ್ನ ತಕರಾರಿಲ್ಲ. ಆದರೆ ಪೇಟೆಗೆ ಅದು ಎಲೆಯಾಗಿ ಬರುವುದಿಲ್ಲ, ಕಡಿದ ಕೊಂಬೆಯಾಗಿ ಬರುತ್ತದೆ. ಸೆಪ್ಟೆಂಬರ್ ಮಳೆ ಮುಗಿದು ಮರವು ಮುಂದಿನ ಏಳೆಂಟು ಒಣ ತಿಂಗಳಿಗೆ ಆಹಾರ ಕೂಡಿಡುವ ಹೊತ್ತು ಅದೇ. ಎಲೆಯೇ ಅದರ ಅಡುಗೆಮನೆ. ವರ್ಷವರ್ಷವೂ ಆಗಲೇ ಬೋಳಾಗುವ ಮರ ಕುರುಚಲಾಗಿಯೇ ಉಳಿಯುತ್ತದೆ, ಬೀಜಕ್ಕೆ ಬರುವುದಿಲ್ಲ. ರಾಜ್ಯದಲ್ಲೇ ಅತಿ ಕಡಮೆ ಕಾಡಿರುವ ಜಿಲ್ಲೆಗಳಲ್ಲೊಂದು ನಮ್ಮದು. ಹಿತ್ತಲಲ್ಲಿ ಒಂದು ಆಪ್ಟಾ ಇದ್ದರೆ ಮನೆಮಂದಿಗೆ ಬೇಕಾದ ನಾಲ್ಕು ಹಿಡಿ ಎಲೆಯನ್ನು ಕೊಂಬೆ ಮುರಿಯದೆ ಬಿಡಿಸಿಕೊಳ್ಳಬಹುದು, ಮರಕ್ಕೆ ಅದು ಲೆಕ್ಕಕ್ಕೇ ಬಾರದು. ಬಸವನಪಾದದ ಎಲೆಯೂ ಎರಡು ಹೋಳಿನದೇ. ಹಿರಿಯರು ಒಪ್ಪಿದರೆ ಅದೂ ನಡೆದೀತು.

ಸಸಿ ಕೊಳ್ಳಬೇಕೆಂದಿಲ್ಲ. ಬೇಸಿಗೆಯ ಹೊತ್ತಿಗೆ ಬಸವನಪಾದದ ಚಪ್ಪಟೆ ಕಾಯಿ ಒಣಗಿ ಚಟ್ಟೆಂದು ಸಿಡಿದು, ಎರಡು ಸಿಪ್ಪೆಗಳೂ ತಿರುಚಿಕೊಂಡು ಬೀಜವನ್ನು ದೂರ ಎಸೆಯುತ್ತವೆ. ಕಂದು ಬಣ್ಣ ತಿರುಗುತ್ತಿದ್ದಂತೆ ನಾಲ್ಕಾರು ಕಾಯಿಗಳಿಗೆ ಹಳೆಯ ಬಟ್ಟೆಯ ಚೀಲ ಕಟ್ಟಿಬಿಡಿ. ಬೀಜವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಮೇ ತಿಂಗಳಲ್ಲಿ ಮಣ್ಣು ತುಂಬಿದ ಉದ್ದನೆಯ ಚೀಲದಲ್ಲಿ ಬೆರಳ ಗೆಣ್ಣಿನ ಆಳಕ್ಕೆ ಊರಿ. ಎರಡು ವಾರದಲ್ಲಿ ಮೊಳಕೆ ಬರುತ್ತದೆ. ಆಪ್ಟಾದ ಬೀಜದ ಸಿಪ್ಪೆ ಗಡಸು, ಅದಕ್ಕೆ ಕುದಿಸಿ ಇಳಿಸಿದ ಬಿಸಿನೀರು ಬೇಕು. ಹಾಕಿ, ಆರಲು ಬಿಟ್ಟು, ಮರುದಿನ ಊರಿ. ಆ ವರ್ಷವೇ ಅವಸರ ಮಾಡದೆ ಮುಂದಿನ ಆಗಸ್ಟ್‌ವರೆಗೆ ಚೀಲದಲ್ಲೇ ಬೆಳೆಸಿ, ನಡುವೆ ಒಮ್ಮೆ ದೊಡ್ಡ ಚೀಲಕ್ಕೆ ಬದಲಿಸಿ ನೆಟ್ಟರೆ, ಮೂರು ನಾಲ್ಕನೆಯ ವರ್ಷಕ್ಕೆ ಮೊದಲ ಹೂ ಕಾಣುತ್ತದೆ.