ಹೆಬ್ಬಾವಿನ ಮುಚ್ಚಿಗೆ, ಮೂರು ತಂತಿ

ಜಪಾನಿನ ದಕ್ಷಿಣ ತುದಿಯ ಓಕಿನಾವಾ ದ್ವೀಪಗಳ ಕಾಡಿನಲ್ಲಿ ಹೆಬ್ಬಾವಿಲ್ಲ. ಆದರೂ ಅಲ್ಲಿನವರ ಅಚ್ಚುಮೆಚ್ಚಿನ ವಾದ್ಯ ಸಾನ್‌ಶಿನ್‌ಗೆ ಹೆಬ್ಬಾವಿನ ಚರ್ಮದ ಮುಚ್ಚಿಗೆಯೇ ಆಗಬೇಕು. ಅಲ್ಲಿ ರ್‍ಯೂಕ್ಯೂ ರಾಜ್ಯವಿದ್ದ ಕಾಲದಲ್ಲಿ ಚೀನಾದಿಂದ ಮೂರು ತಂತಿಯ ಸಾನ್‌ಶಿಯಾನ್ ಬಂತು, ಅದರೊಡನೆ ಹಾವಿನ ಚರ್ಮ ಹೊದಿಸುವ ಪದ್ಧತಿಯೂ ಬಂತು. ರಾಜ್ಯ ಪುಟ್ಟದಾದರೂ ಹಡಗು ವ್ಯಾಪಾರದಲ್ಲಿ ಪಳಗಿದ ಜನ. ಹೆಬ್ಬಾವುಗಳಿರುವ ಆಗ್ನೇಯ ಏಷ್ಯಾದ ಸರಕು ಅವರಿಗೆ ದೂರದ ಮಾತಾಗಿರಲಿಲ್ಲ. ಇದೇ ವಾದ್ಯ ಜಪಾನಿನ ಮುಖ್ಯ ದ್ವೀಪಕ್ಕೆ ದಾಟಿದಾಗ ಬೆಕ್ಕು, ನಾಯಿಗಳ ಚರ್ಮ ಹೊದ್ದು ಶಾಮಿಸೆನ್ ಆಯಿತು.

ಓಕಿನಾವಾಕ್ಕೆ ತನ್ನದೇ ಹಾವು ಇಲ್ಲವೆಂದಲ್ಲ. ಹಾಬು ಎಂಬ ವಿಷದ ಹಾವು ಅಲ್ಲಿ ಹೆಸರುವಾಸಿ. ಆದರೆ ಅದರ ಮೈ ಸಪೂರ. ಪರ್ಸಿಗೋ ಬೆಲ್ಟಿಗೋ ಸಾಕು, ವಾದ್ಯಕ್ಕೆ ಅಗಲ ಸಾಲದು.

ಹಾವಿನ ಚರ್ಮ ಎಂದ ಕೂಡಲೇ ನಮಗೆ ಹಿತ್ತಿಲ ಬೇಲಿಯಲ್ಲಿ ಸಿಕ್ಕಿಕೊಂಡ ಪೊರೆ ನೆನಪಾಗಬಹುದು. ಅದು ಬೇರೆ, ಇದು ಬೇರೆ. ಪೊರೆ ಉಗುರಿನಂತೆ ಬರೀ ಕೆರಾಟಿನ್. ಅದನ್ನು ಹದ ಮಾಡಲು ಬರುವುದಿಲ್ಲ. ಹದ ಹಿಡಿಯುವುದು ಅದರ ಕೆಳಗಿನ ಕೊಲಾಜೆನ್ ಪದರ. ಸುಲಿದ ಚರ್ಮದ ಒಳಮೈಗೆ ಅಂಟಿದ ಮಾಂಸ, ಕೊಬ್ಬನ್ನು ಹೆರೆದು, ಉಪ್ಪು ಸವರಿಯೋ ಹಲಗೆಗೆ ಬಿಗಿದೋ ಬೇಗ ಒಣಗಿಸಬೇಕು. ತಡವಾದರೆ ಕೊಳೆತು ಹುರುಪೆ ಉದುರುತ್ತದೆ. ಕೈಚೀಲಕ್ಕಾದರೆ ಮುಂದೆ ಕ್ರೋಮಿಯಂ ಲವಣದಲ್ಲೋ ಮರದ ತೊಗಟೆಯ ಒಗರಿನಲ್ಲೋ ನೆನೆಸಿ, ಎಣ್ಣೆ ಕುಡಿಸಿ ಮೆತ್ತಗಾಗಿಸುತ್ತಾರೆ.

ವಾದ್ಯಕ್ಕೆ ಆ ಮೆತ್ತನೆ ಬೇಡ, ಬಿಗಿ ಬೇಕು. ಚರ್ಮವನ್ನು ಒದ್ದೆ ಮಾಡಿ, ಮರದ ಬಳೆಯ ಮೇಲೆ ಹಾಸಿ, ಸುತ್ತ ಹಗ್ಗದಿಂದ ಕೆಳಕ್ಕೆಳೆದು, ಬೆಣೆ ಹೊಡೆಯುತ್ತ ಹೋಗುತ್ತಾರೆ. ಒಣಗುತ್ತ ಅದು ಇನ್ನಷ್ಟು ಸೆಟೆಯುತ್ತದೆ. ಎಲ್ಲಿ ನಿಲ್ಲಿಸಬೇಕು ಎನ್ನುವುದೇ ಕಸುಬು. ಬೇಗ ನಿಲ್ಲಿಸಿದರೆ ನಾದ ಮಂಕು. ಆಸೆಪಟ್ಟು ಇನ್ನೊಂದು ಏಟು ಹಾಕಿದರೆ ಚರ್ಮವೇ ಬಿರಿಯುತ್ತದೆ.

ಇಷ್ಟೆಲ್ಲ ಪಾಡುಪಟ್ಟು ಹೊದಿಸಿದ ಚರ್ಮ ವಾದ್ಯದ ಬೆಲೆಬಾಳುವ ಭಾಗವಲ್ಲ! ಬೆಲೆಯೆಲ್ಲ ದಂಡಿಗೆ. ಓಕಿನಾವಾಕ್ಕೇ ಸೇರಿದ ಯಾಯೆಯಾಮಾ ದ್ವೀಪಗಳ ಕರಿಮರದ ದಂಡಿ ಸಿಕ್ಕರೆ ಅದೃಷ್ಟ. ಚರ್ಮ ಹವೆಯ ಏರುಪೇರಿಗೆ ಒಂದು ದಿನ ಹರಿಯುವುದೇ. ಹೊಸ ಮುಚ್ಚಿಗೆ ಹಾಕಿಸುತ್ತಾರೆ, ದಂಡಿ ಮಾತ್ರ ಅಜ್ಜನಿಂದ ಮೊಮ್ಮಗನಿಗೆ ಬರುತ್ತದೆ. ಜಪಾನಿನ ಸಮುರಾಯಿಗಳು ನಡುಮನೆಯ ಅಲಂಕಾರದ ಗೂಡಿನಲ್ಲಿ ಕತ್ತಿ ಇಟ್ಟರೆ, ಓಕಿನಾವಾದವರು ಸಾನ್‌ಶಿನ್‌ಗಳ ಜೋಡಿಯನ್ನು ಪೆಟ್ಟಿಗೆಯಲ್ಲಿ ಇಡುತ್ತಿದ್ದರಂತೆ.

ಹೆಬ್ಬಾವಿನ ಚರ್ಮ ಎಲ್ಲರ ಕೈಗೆಟುಕುವ ವಸ್ತುವಾಗಿರಲಿಲ್ಲ. ಬಡವರು ಕಾಗದದ ಮೇಲೆ ಬಾಳೆ ಜಾತಿಯ ಗಿಡದ ಒಗರು ರಸ ಬಳಿಬಳಿದು ಗಟ್ಟಿ ಮಾಡಿ ಹೊದಿಸಿದರು. 1945ರ ಯುದ್ಧದಲ್ಲಿ ಮನೆಮಠ ಕಳೆದುಕೊಂಡು ಶಿಬಿರ ಸೇರಿದವರು ಅಮೆರಿಕನ್ ಸೈನ್ಯದ ಖಾಲಿ ಡಬ್ಬಕ್ಕೆ ಮಂಚದ ಕಟ್ಟಿಗೆ ಸಿಕ್ಕಿಸಿ, ಪ್ಯಾರಾಚೂಟಿನ ದಾರ ಬಿಗಿದು ನುಡಿಸಿದರು. ಕಾಂಕಾರಾ ಸಾನ್‌ಶಿನ್ ಎಂಬ ಆ ಡಬ್ಬದ ವಾದ್ಯವನ್ನು ಶಾಲೆಯ ಮಕ್ಕಳು ಈಗಲೂ ಮಾಡುತ್ತಾರೆ.

ಹೆಬ್ಬಾವಿನ ವ್ಯಾಪಾರಕ್ಕೆ ಈಗ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಅಂಕೆಯಿದೆ. ಅಗ್ಗದ ವಾದ್ಯಗಳಿಗಂತೂ ಕೃತಕ ಬಟ್ಟೆ ಹೊದಿಸುತ್ತಾರೆ. ಬಟ್ಟೆಯೆಂದ ಮೇಲೆ ಬಣ್ಣ ಯಾವುದಾದರೂ ಆಗಬಹುದಿತ್ತು. ಆದರೂ ಅದರ ಮೇಲೆ ಸಾಮಾನ್ಯವಾಗಿ ಅಚ್ಚು ಹಾಕಿರುವುದು ಹೆಬ್ಬಾವಿನ ಹುರುಪೆಯದೇ ಚಿತ್ತಾರ. ಕಿವಿ ಒಪ್ಪಿದರೂ ಕಣ್ಣು ಒಪ್ಪಬೇಕಲ್ಲ! ಕೃತಕ ಪದರದ ಮೇಲೆ ನಿಜ ಚರ್ಮ ಹೊದಿಸುವ ನಡುದಾರಿಯೂ ಇದೆ. ಅದು ಸುಲಭಕ್ಕೆ ಹರಿಯದು.

ನಮ್ಮ ಸಂಗೀತ ಕಛೇರಿಯ ತಾಳವಾದ್ಯ ಕಂಜಿರದ ಕಥೆಯೂ ಇದಕ್ಕೆ ಹತ್ತಿರದ್ದೇ. ಉಡದ ಚರ್ಮವಿಲ್ಲದೆ ಗುಮುಕಿ ಎಂಬ ಆ ಜಾರುವ ನಾದ ಬಾರದು ಎನ್ನುತ್ತಿದ್ದರು. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಉಡವಿದೆ. ಅದನ್ನು ಬೇಟೆಯಾಡುವಂತಿಲ್ಲ. ಹಾಗಾಗಿ ಆಡಿನ ಚರ್ಮ, ಕೃತಕ ಮುಚ್ಚಿಗೆಗಳ ಕಂಜಿರಗಳು ಕಛೇರಿಗೆ ಬಂದಿವೆ. ನೀರು ಹಚ್ಚಿ ಶ್ರುತಿ ಇಳಿಸುವ ಸುಖ ಕೃತಕದಲ್ಲಿಲ್ಲ ಎಂಬ ಗೊಣಗಾಟ ಇದ್ದೇ ಇದೆ.

ಓಕಿನಾವಾದ ನಾಹಾ ನಗರದ ಅಂಗಡಿಗಳಲ್ಲಿ ಸಾನ್‌ಶಿನ್ ಕೊಳ್ಳುವವರು ಮುಚ್ಚಿಗೆ ಯಾವುದೆಂದು ಮೊದಲೇ ಕೇಳಿಕೊಳ್ಳಬೇಕು. ನಿಜವಾದ ಹೆಬ್ಬಾವಿನದಾದರೆ, ಜಪಾನಿನಿಂದ ಹೊರಗೆ ಒಯ್ಯಲು ಅನುಮತಿಪತ್ರ ಬೇಕಾಗಬಹುದು.